ಕಾಣೆಯಾದ ನಾಲ್ಕನೇ ಸ್ವರ

ಲಿಫ್ಟ್ ಮೆಕ್ಯಾನಿಕನ ಜೊತೆಗಿನ ಮೊದಲ ಮಾತುಕತೆಯನ್ನು ಗೊತ್ತುಪಡಿಸಿದ್ದು ಆತನ ಹೆಂಡತಿ. ಆಕೆ ಹಾಸಿಗೆ, ದಿಂಬು, ಸೋಫಾ ಕುಷನ್ ಹೊಲಿಯುವವಳು. ಊರಿನ ಕೈಕೆಲಸದವರ ಬದುಕನ್ನು ಅವರವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸದ ಪ್ರಸ್ತಾಪ ಆಕೆಯ ಅಂಗಡಿಯಲ್ಲಿ ಬಂದಾಗ, ದಾರವನ್ನು ಹಲ್ಲಿನಿಂದ ಕಡಿದು, "ನನ್ನದೇನಿದೆ, ಸೂಜಿ ದಾರ. ನಮ್ಮನೆಯವರನ್ನ ಕೂರಿಸಿ ಮಾತಾಡಿಸಿ," ಎಂದಳು. ಮರುಕ್ಷಣವೇ ತಿದ್ದಿಕೊಂಡಳು: "ಅಲ್ಲ, ಅವರನ್ನ ಕೂರಿಸೋದು ಯಾರ ಕೈಲೂ ಆಗಲ್ಲ. ನಿಲ್ಲಿಸಿ ಮಾತಾಡಿಸಿ."

ಮೊದಲು ಗೊತ್ತಾದ ಬೆಳಿಗ್ಗೆ ಒಂದು ಆಸ್ಪತ್ರೆಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು, ಆತ ಬರಲಿಲ್ಲ. ಇನ್ನೊಂದು ದಿನ ಬಂದ, ದಾಖಲಿಸುವವರ ಮನೆಯ ಹೊಸ್ತಿಲೊಳಗೆ ಒಂದು ಕಾಲಿಟ್ಟ, ಫ್ರಿಜ್ಜಿನ ಗುಂಯ್‌ಗುಡುವಿಕೆ ಕಿವಿಗೆ ಬಿದ್ದು ನೇರ ಅಡುಗೆಮನೆಗೆ ಹೋಗಿ ಅದರ ಕಾಲಿನ ತಿರುಪು ಬಿಗಿಮಾಡಿದ, ಅಷ್ಟರಲ್ಲಿ ಫೋನು ಬಂತು, ಹೊರಟೇಹೋದ. ಕೊನೆಗೆ ಹೆಂಡತಿಯೇ ಉಪಾಯ ಹೇಳಿದಳು. ಆತನನ್ನು ಮನೆಗೆ ಕರೆಯುವ ಬದಲು ಆತನಿದ್ದಲ್ಲಿಗೇ ಹೋಗುವುದು. ಹೀಗೆ ಮೊದಲ ಮಾತುಕತೆ ನಡೆದದ್ದು ಒಂದು ಎತ್ತರದ ಕಟ್ಟಡದ ತುದಿಯಲ್ಲಿರುವ ಲಿಫ್ಟಿನ ಮೋಟಾರು ಕೋಣೆಯಲ್ಲಿ, ಆತ ಬಾಗಿಲಿಗೆ ಬೆನ್ನುಕೊಟ್ಟು ನಿಂತಿದ್ದಾಗ. ಆ ಧ್ವನಿಮುದ್ರಣದಲ್ಲಿ ವಾಕ್ಯಗಳು ಅರ್ಧಕ್ಕೆ ನಿಲ್ಲುತ್ತವೆ. ಮೋಟಾರು ತಿರುಗತೊಡಗಿದರೆ ಆತ ಮಾತು ಬಿಟ್ಟು ತಲೆ ಓರೆ ಮಾಡುತ್ತಾನೆ. ಅದು ನಿಂತ ಮೇಲೆ "ಹೂಂ, ಸರಿಯಿದೆ" ಎಂದು ತನಗೆ ತಾನೇ ಹೇಳಿಕೊಂಡು, ಬಿಟ್ಟ ಪದದಿಂದಲೇ ಮುಂದುವರಿಸುತ್ತಾನೆ.

ಆದರೆ ಲಿಫ್ಟಿನ ಕುರಿತು ಹೇಳಲು ಆತನಿಗೆ ಹೆಚ್ಚೇನೂ ಇರಲಿಲ್ಲ. "ಅದೇನು, ಮೇಲೆ ಹೋಗತ್ತೆ, ಕೆಳಗೆ ಬರತ್ತೆ. ನಾನು ಮೂಲೆ ವಿಷಯ ಹೇಳ್ತೀನಿ," ಎಂದ.

ಜೊತೆಯ ಕೆಲಸಗಾರರು ಆತನನ್ನು ಸ್ಪ್ರಿಂಗು ಎಂದು ಕರೆಯುತ್ತಿದ್ದರು. ಊಟಕ್ಕೆ ಕುಳಿತಾಗಲೂ ಒಂದು ಮೊಣಕಾಲು ಕುಣಿಯುತ್ತಲೇ ಇರುವ ಮನುಷ್ಯನಿಗೆ ಅದಕ್ಕಿಂತ ಒಪ್ಪುವ ಹೆಸರು ಸಿಗುವಂತಿರಲಿಲ್ಲ. ಕೆಲಸದಲ್ಲಿ ಮಾತ್ರ ಈ ಚಡಪಡಿಕೆ ಉಪಯೋಗಕ್ಕೆ ಬರುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಒಳಗಿನ ಬೇರಿಂಗು ಯಾವಾಗ ಸೋಲುತ್ತದೆಂದು ಆತ ಮೊದಲೇ ಹೇಳುತ್ತಿದ್ದ. ಲಿಫ್ಟಿನ ಕಸುಬಿನಲ್ಲಿ ಆತನಿಗೆ ಉಸ್ತಾದರು ಕಲಿಸಿದ ಪಾಠ ಒಂದೇ: ಸದ್ದು ಎಲ್ಲಿ ಕೇಳಿದರೂ ಅದರ ಹುಟ್ಟು ಯಂತ್ರದಲ್ಲಿ. ಐದನೇ ಮಹಡಿಯ ಗೃಹಿಣಿ ತನ್ನ ಗೋಡೆ ನರಳುತ್ತದೆ ಎಂದರೂ ಗೋಡೆಯನ್ನು ನೋಡಬಾರದು. ಮೇಲಕ್ಕೆ ಹತ್ತಿ ಮೋಟಾರನ್ನು ನೋಡಬೇಕು. ಕಟ್ಟಡ ಸದ್ದನ್ನು ಬರೀ ಹೊತ್ತು ತರುತ್ತದೆ. ಈ ಪಾಠ ಆತನನ್ನು ಎಂದೂ ಕೈಬಿಟ್ಟಿರಲಿಲ್ಲ. ಮನೆಯಲ್ಲಿ ಆತ ದಾರಿ ತಪ್ಪಿದ್ದೂ ಇದರಿಂದಲೇ.

ಮನೆ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿತ್ತು. ಉದ್ದನೆಯ ಹಜಾರ, ಬೀದಿಗೆ ತೆರೆದ ಒಂದು ಕಿಟಕಿ, ಕಿಟಕಿಯ ಪಕ್ಕದ ಮೂಲೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಯಂತ್ರದ ಹಿಂದೆ ನೆಲದಿಂದ ಸೂರಿನವರೆಗೆ ಹತ್ತಿಯ ಮೂಟೆಗಳು, ಫೋಮಿನ ಸುರುಳಿಗಳು, ಗಿರಾಕಿಗಳು ಬಿಚ್ಚಿ ಹೊಲಿಯಲು ಕೊಟ್ಟ ಹಾಸಿಗೆಗಳು. ಅದೇ ಹಜಾರದ ಇನ್ನೊಂದು ತುದಿಯಲ್ಲಿ ಆತನ ಆಂಪ್ಲಿಫೈಯರ್, ರೆಕಾರ್ಡ್ ಪ್ಲೇಯರ್, ಮಧ್ಯಮ ಗಾತ್ರದ ಎರಡು ಸ್ಪೀಕರ್. ಆ ಜೋಡಿಯನ್ನು ಆತ ಕೊಂಡದ್ದು ಸಂಸಾರ ಹೂಡಿದ ಹೊಸತರಲ್ಲಿ, ಮಂಚಕ್ಕಿಂತ ಮೊದಲು.

ಆತನ ಬಳಿ ಒಂದು ರೆಕಾರ್ಡ್ ಇತ್ತು. ಅದರಲ್ಲಿ ಆಳುದ್ದದ ತಂತಿವಾದ್ಯವೊಂದು ಒಂಟಿಯಾಗಿ ನುಡಿಯುತ್ತದೆ. ಒಂದು ಕಡೆ ಐದು ಸ್ವರಗಳು ಮೆಟ್ಟಿಲಿಳಿದಂತೆ ಇಳಿದು ಅತಿ ತಗ್ಗಿನ ಸ್ವರದಲ್ಲಿ ನಿಲ್ಲುತ್ತವೆ. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲು ಮುಳ್ಳನ್ನು ಆ ಜಾಗಕ್ಕೆ ಇಳಿಸಿ, ನಿಂತೇ ಕೇಳುತ್ತಿದ್ದ. ಒಂದೊಂದು ಮಹಡಿಯಲ್ಲೂ ಸಮನಾಗಿ ನಿಂತು ನೆಲ ಮುಟ್ಟುವ ಲಿಫ್ಟಿನ ಹಾಗೆ ಐದೂ ಸ್ವರಗಳು ಬಂದುಹೋದ ಮೇಲೆ ಬೂಟು ಬಿಚ್ಚುತ್ತಿದ್ದ. ಆ ಹೊತ್ತಿನಲ್ಲಿ ಹೆಂಡತಿ ಯಂತ್ರದ ಪೆಡಲಿನಿಂದ ಕಾಲು ತೆಗೆಯುತ್ತಿದ್ದಳು. ಗಿರಾಕಿ ಬಂದಿದ್ದರೆ ಅವರೂ ಬಾಯಿ ಮುಚ್ಚಿ ನಿಲ್ಲಬೇಕಿತ್ತು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಮನೆಗೆ ಒಂದು ಮಧ್ಯಾಹ್ನ ಭಾಮೈದ ಬಂದ. ಹೆಂಡತಿಯ ತಮ್ಮನಾದ ಈತ ಟಿವಿ, ಸ್ಪೀಕರ್ ಮಾರುವ ದೊಡ್ಡ ಮಳಿಗೆಯೊಂದರಲ್ಲಿ ಸೇಲ್ಸ್‌ಮನ್. ಊಟದ ಎಲ್ಲ ಉಪಚಾರ ಮುಗಿದ ಮೇಲೆ ಸ್ಪೀಕರುಗಳ ನೆತ್ತಿಯನ್ನು ಬೆರಳಲ್ಲಿ ಸವರಿ ಧೂಳು ನೋಡಿದ.

"ಭಾವ, ಇನ್ನೂ ಈ ಡಬ್ಬಿಗಳಾ? ಇವು ಹಾಡಲ್ಲ, ಗೊಣಗ್ತವೆ."

"ನಿನ್ನ ಕಿವಿ ಜಾಹೀರಾತು ಕೇಳಿ ಕೇಳಿ ಕೆಟ್ಟಿದೆ."

"ಬೇಸ್ ಅಂದ್ರೆ ಕಿವಿಗಲ್ಲ ಭಾವ, ಹೊಟ್ಟೆಗೆ ಗೊತ್ತಾಗಬೇಕು. ಒಂದ್ಸಲ ಮಳಿಗೆಗೆ ಬನ್ನಿ. ಕೊಳ್ಳಬೇಡಿ, ಬರೀ ಬನ್ನಿ."

ಆತ ತನ್ನ ರೆಕಾರ್ಡ್ ಹಿಡಿದು ಹೋದ. ಕೇಳಿದ. ಅಲ್ಲಿ ಸೊಂಟದೆತ್ತರದ ಸ್ಪೀಕರ್ ಜೋಡಿಯೊಂದರಿಂದ ಅದೇ ಐದು ಸ್ವರಗಳು ಎದೆಯ ಗೂಡಿಗೆ ಕೈಹಾಕಿದಂತೆ ಬಂದವು. ಆ ಮಳಿಗೆಯ ಹಜಾರ ಒಂದು ಬಸ್ಸು ತಿರುಗಿಸುವಷ್ಟು ದೊಡ್ಡದು ಎಂಬುದು ಆತನ ಗಮನಕ್ಕೆ ಬರಲಿಲ್ಲ. ವಾರ ತುಂಬುವುದರೊಳಗೆ ಆ ಜೋಡಿ ಮನೆಗೆ ಬಂತು. ಮೂಲೆಗೆ ತಳ್ಳಿದರೆ ಬೇಸ್ ಇನ್ನೂ ಏರುತ್ತದೆ ಎಂದು ಭಾಮೈದ ಹೇಳಿಕೊಟ್ಟ. ಅದು ಸುಳ್ಳಲ್ಲ, ಎರಡು ಗೋಡೆ ಸೇರುವಲ್ಲಿ ತಗ್ಗಿನ ಸದ್ದು ಕೊಬ್ಬುತ್ತದೆ. ಆದರೆ ಮೂಲೆಯಲ್ಲಿ ಹತ್ತಿ ಇತ್ತು.

"ಒಂದೆರಡು ವಾರ ಅಷ್ಟೇ ಕಣೇ," ಎಂದ ಆತ ಹೆಂಡತಿಗೆ. "ಮೂಲೆ ಬಿಟ್ಟುಕೊಡು. ಸೆಟ್ ಮಾಡಿ, ನಿನಗೆ ಬೇರೆ ಕಡೆ ಜಾಗ ಮಾಡಿಕೊಡ್ತೀನಿ."

"ಇಷ್ಟು ಹತ್ತೀನ ನಾನೇನು ತಲೆ ಮೇಲೆ ಇಟ್ಕೊಳ್ಳಲಾ?"

"ಮಂಚದ ಕೆಳಗೆ—"

"ಮಂಚದ ಕೆಳಗೆ ನಿಮ್ಮ ವೈರ್‌ಗಳ ಸಂಸಾರ ಇದೆಯಲ್ಲ."

ಆಕೆ ಜಗಳವಾಡಲಿಲ್ಲ. ಪಕ್ಕದ ಬೀದಿಯಲ್ಲಿ ಸೈಕಲ್ ರಿಪೇರಿಯವನು ಖಾಲಿ ಮಾಡಿಹೋದ ಒಂದು ಕೋಣೆಯಿತ್ತು. ಅಕ್ಟೋಬರ್ ಕೊನೆಯವರೆಗೆ ಇಟ್ಟುಕೊಳ್ಳಿ, ಆಮೇಲೆ ಮೂರು ವರ್ಷಕ್ಕೆ ಕರಾರು ಮಾಡಿ ಇಲ್ಲವೇ ಬಿಡಿ ಎಂದು ಅದರ ಮಾಲೀಕರು ಒಪ್ಪಿದರು. ಕೈಗಾಡಿಯಲ್ಲಿ ಮೂಟೆಗಳನ್ನು ಸಾಗಿಸಿ, ಕೊನೆಗೆ ಹೊಲಿಗೆ ಯಂತ್ರವನ್ನೂ ಹೊರಡಿಸಿ, ಆಕೆ ಬಾಗಿಲಲ್ಲಿ ನಿಂತು ಹೇಳಿದಳು: "ಆ ನಿಮ್ಮ ಐದು ಸ್ವರ ಮೊದಲಿನ ಹಾಗೆ ಕೇಳಿಸಿದ ದಿನ ಕರೀರಿ, ಬರ್ತೀನಿ. ತಿಂಗಳ ಕೊನೆಯೊಳಗೆ ಕರೀಬೇಕು. ಆಮೇಲೆ ನಾನು ಅಲ್ಲೇ."

ರಾತ್ರಿ ಮಲಗಲು ಮನೆಗೇ ಬರುತ್ತಿದ್ದಳು, ಅಡುಗೆಯೂ ಎಂದಿನಂತೆ ನಡೆಯುತ್ತಿತ್ತು. ಆದರೆ ಒಂದೇ ಕೋಣೆಯಲ್ಲಿ ಒಬ್ಬರ ಸದ್ದಿಗೆ ಇನ್ನೊಬ್ಬರು ದಾರಿಬಿಟ್ಟು ಬಾಳಿದ್ದರಲ್ಲ, ಅದು ನಿಂತಿತು.

ದೊಡ್ಡ ಸ್ಪೀಕರುಗಳನ್ನು ಮೂಲೆಗೆ ನಿಲ್ಲಿಸಿ ಆತ ಮುಳ್ಳು ಇಳಿಸಿದ. ಮೊದಲನೆಯ ಸ್ವರ ಬಂತು. ಎರಡನೆಯದು ಗುಮ್ಮೆಂದು ಉಬ್ಬಿ ಕಿಟಕಿಯ ಗಾಜನ್ನು ಅಲ್ಲಾಡಿಸಿತು. ಮೂರನೆಯದು ಬಂದು ಹೋಯಿತು. ನಾಲ್ಕನೆಯದು ಬರಲೇ ಇಲ್ಲ. ಇದ್ದಕ್ಕಿದ್ದಂತೆ ಐದನೆಯದು. ನಾಲ್ಕನೇ ಮಹಡಿಯ ಗುಂಡಿ ಒತ್ತಿ ನಿಂತವರ ಮುಂದೆಯೇ ನಿಲ್ಲದೆ ಜಾರಿಹೋದ ಲಿಫ್ಟಿನಂತಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ನಿವೃತ್ತ ಟೀಚರ್.

"ನಿಮ್ಮನೇಲಿ ಯಾರಾದ್ರೂ ಬೀರು ಎಳೀತಿದ್ದಾರಾ?"

"ಇಲ್ಲ ಮೇಡಂ, ಸಂಗೀತ."

"ಸಂಗೀತನಾ?" ಆಕೆ ಕನ್ನಡಕ ಏರಿಸಿಕೊಂಡರು. "ಹಾಗಾದ್ರೆ ಬೀರು ಎಳೀವಾಗ ನನಗೆ ಮೊದಲೇ ಹೇಳಿ, ವ್ಯತ್ಯಾಸ ಗೊತ್ತಾಗಲಿ."

ಅಂದಿನಿಂದ ಆತನ ಹುಡುಕಾಟ ಶುರುವಾಯಿತು. ಸದ್ದಿನ ಹುಟ್ಟು ಯಂತ್ರದಲ್ಲಿ. ಆದ್ದರಿಂದ ಲಿಫ್ಟ್ ಮೋಟಾರಿನ ಅಡಿಗೆ ಹಾಕುವ ದಪ್ಪ ರಬ್ಬರ್ ಬಿಲ್ಲೆಗಳನ್ನು ತಂದು ಸ್ಪೀಕರುಗಳ ಕೆಳಗೆ ಕೊಟ್ಟ. ಟೀಚರ್ ಮನೆಯ ಸೂರು ಸ್ವಲ್ಪ ಸುಮ್ಮನಾಯಿತು, ನಾಲ್ಕನೆಯದು ಬರಲಿಲ್ಲ. ಸ್ಕ್ರೂಡ್ರೈವರನ್ನು ಪೆಟ್ಟಿಗೆಯ ಹಲಗೆಗೆ ಒತ್ತಿ ಕಿವಿಗೊಟ್ಟ, ಹಲಗೆಗಳು ಗಟ್ಟಿಯಾಗಿದ್ದವು. ಪೆಟ್ಟಿಗೆಯ ಬೆನ್ನಲ್ಲಿ ಗಾಳಿ ಹೊರಬರುವ ತೂತಿದೆ, ಅದರಿಂದ ಬೇಸ್ ಹೆಚ್ಚಾಗುತ್ತದೆ ಎಂದು ಭಾಮೈದ ಹೇಳಿದ್ದು ನೆನಪಾಗಿ ತನ್ನ ಕಾಲುಚೀಲಗಳನ್ನು ಸುತ್ತಿ ಆ ತೂತಿಗೆ ತುರುಕಿದ. ಎರಡನೆಯ ಸ್ವರದ ಗುದ್ದು ಕೊಂಚ ಇಳಿಯಿತು, ನಾಲ್ಕನೆಯದು ಆಗಲೂ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಕಾಲುಚೀಲ ಸಿಗದೆ ಒದ್ದಾಡಿದ. ಎಡದ್ದನ್ನು ಬಲಕ್ಕಿಟ್ಟ, ಬಲದ್ದನ್ನು ಎಡಕ್ಕಿಟ್ಟ. ವೈರು ಬದಲಿಸಿದ. ಊಟದ ತಟ್ಟೆ ಹಿಡಿದುಕೊಂಡೇ ಎದ್ದುಹೋಗಿ ಒಂದು ಗೇಣು ಮುಂದೆ ಎಳೆದು ಬಂದ.

ಬೇಸತ್ತು ಹಳೆಯ ಜೋಡಿಯನ್ನೇ ಹಳೆಯ ಜಾಗದಲ್ಲಿ ಮತ್ತೆ ಜೋಡಿಸಿದ ದಿನ ಮಾತ್ರ ಆತನ ಲೆಕ್ಕವೆಲ್ಲ ನಿಜವಾಗಿ ತಲೆಕೆಳಗಾಯಿತು. ಅದೇ ಡಬ್ಬಿಗಳು, ಅದೇ ಗೋಡೆ, ಅದೇ ರೆಕಾರ್ಡ್. ಎರಡನೆಯದು ಗುದ್ದಿತು. ನಾಲ್ಕನೆಯದು ಇಲ್ಲ.

ಹಾಗಾದರೆ ಆಂಪ್ಲಿಫೈಯರ್ ಕೆಟ್ಟಿರಬೇಕು. ಅದನ್ನು ಬಿಚ್ಚಿ ಹಜಾರದ ತುಂಬ ಹರವಿದ. ಅದು ಚೆನ್ನಾಗಿಯೇ ಇತ್ತು. ಮತ್ತೆ ಜೋಡಿಸಿದ. ಆಗಲೇ ಇನ್ನೊಂದು ಕಿರಿಕಿರಿ ಶುರುವಾಗಿತ್ತು: ಕಿಟಕಿಯ ಕೆಳಗಿನ ನಿಲ್ದಾಣದಲ್ಲಿ ಬಸ್ಸು ಬಂದು ನಿಂತು ಎಂಜಿನ್ ಗುರುಗುಟ್ಟಿದರೆ ಇಡೀ ಹಜಾರ ಗುಂಯ್ ಎನ್ನತೊಡಗಿತ್ತು. ಹಿಂದೆಂದೂ ಹಾಗಾಗುತ್ತಿರಲಿಲ್ಲ. ಆತ ಮೆಟ್ಟಿಲಿಳಿದು ಹೋಗಿ ಡ್ರೈವರಿಗೆ ಕೈಮಾಡಿದ.

"ಸ್ವಾಮಿ, ನಿಮ್ಮ ಎಂಜಿನ್ ಕೆಳಗಿನ ರಬ್ಬರ್ ಹೋಗಿದೆ. ಬದಲಾಯಿಸ್ಕೊಳ್ಳಿ."

"ಯಾರು ಹೇಳಿದ್ದು?"

"ನಮ್ಮನೆ ಗುಂಯ್ ಅಂತಿದೆಯಲ್ಲ."

ಡ್ರೈವರ್ ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಹೋದ ವಾರ ಹೊಸ ಬಸ್ ಕೊಟ್ಟಿದ್ದಾರೆ ಮಾರಾಯ್ರೇ. ನಿಮ್ಮನೆ ಗುಂಯ್ ಅಂದ್ರೆ ನಿಮ್ಮನೇನ ಬದಲಾಯಿಸ್ಕೊಳ್ಳಿ," ಎಂದು ಗೇರು ಹಾಕಿದ. ಉತ್ತರ ಅಲ್ಲೇ ಬಿದ್ದಿತ್ತು. ಆತ ಅದನ್ನು ಬೈಗುಳವೆಂದು ಬಗೆದು ಮೆಟ್ಟಿಲು ಹತ್ತಿದ.

ತಿಂಗಳು ಮುಗಿಯುತ್ತ ಬಂತು. ಅಕ್ಕನಿಗೆ ಮುಖ ತೋರಿಸುವುದು ಕಷ್ಟವಾಗಿ ಭಾಮೈದ, ಬರೀ ತಗ್ಗಿನ ಸದ್ದಿಗೆಂದೇ ಇರುವ ಸಬ್‌ವೂಫರ್ ಡಬ್ಬವೊಂದನ್ನು ಮಳಿಗೆಯಿಂದ ಕೆಲವು ದಿನದ ಮಟ್ಟಿಗೆ ಹೊತ್ತು ತಂದ.

"ಇದನ್ನ ನೀವು ಸಂಗೀತ ಕೇಳೋ ಜಾಗದಲ್ಲಿ ಇಡಬೇಕು. ಆಮೇಲೆ ನೀವು ಗೋಡೆ ಪಕ್ಕ ಅಂಬೆಗಾಲಲ್ಲಿ ಹೋಗ್ತಾ ಇರಬೇಕು. ಎಲ್ಲಿ ಬೇಸ್ ಚೆನ್ನಾಗಿ ಕೇಳಿಸತ್ತೋ ಅಲ್ಲಿ ಇದನ್ನ ಇಟ್ಟುಬಿಡೋದು."

"ಅಂಬೆಗಾಲಾ? ನಿಂತು ಹೋದ್ರೆ?"

"ಕಿವಿ ಅದರ ಎತ್ತರಕ್ಕೆ ಇರಬೇಕು ಭಾವ. ವಿಜ್ಞಾನ."

ಇಬ್ಬರೂ ನೆಲಕ್ಕೆ ಮಂಡಿಯೂರಿ ಗೋಡೆಗುಂಟ ಹೊರಟರು. ಕಿಟಕಿಯ ಕೆಳಗೆ ಗುದ್ದು. ಹಜಾರದ ನಟ್ಟನಡುವೆ ಬೇಸ್ ಯಾರೋ ಒರೆಸಿ ತೆಗೆದಂತೆ ಮಾಯ. ಅಡುಗೆಮನೆಯ ಬಾಗಿಲಲ್ಲಿ ಪರವಾಗಿಲ್ಲ, ಆದರೆ ಅಲ್ಲಿ ಡಬ್ಬವಿಟ್ಟರೆ ಅನ್ನದ ಪಾತ್ರೆ ಹಿಡಿದು ಅದನ್ನು ಹಾರಿ ಬರಬೇಕು. ಮರೆತುಹೋದ ದೊಡ್ಡ ಕತ್ತರಿಗೆಂದು ಹೆಂಡತಿ ಬಂದಾಗ ಗಂಡ ಮತ್ತು ತಮ್ಮ ಎದುರುಬದುರಾಗಿ ಅಂಬೆಗಾಲಿನಲ್ಲಿದ್ದರು. ಆಕೆ ಇಬ್ಬರನ್ನೂ ದಾಟಿಕೊಂಡು ಹೋಗಿ ಕತ್ತರಿ ತೆಗೆದುಕೊಂಡಳು.

"ಏನಾದ್ರೂ ಕಳ್ಕೊಂಡ್ರಾ?"

"ನಾಲ್ಕನೇದು," ಎಂದ ಆತ ನೆಲದಿಂದಲೇ.

"ಸಿಕ್ಕಿದ್ರೆ ತಿಳಿಸಿ. ಮಾಲೀಕರು ಶುಕ್ರವಾರ ಉತ್ತರ ಕೇಳ್ತಿದ್ದಾರೆ."

ಹೋಗುವಾಗ ತಮ್ಮನ ಪ್ಯಾಂಟಿನ ಮಂಡಿಯ ಧೂಳನ್ನು ಕತ್ತರಿಯ ಹಿಡಿಯಿಂದ ತೋರಿಸಿದಳು.

ಆ ಶುಕ್ರವಾರ ಆತ ಮಧ್ಯಾಹ್ನವೇ ಕೆಲಸ ಬಿಟ್ಟು ಹೆಂಡತಿಯ ಕೋಣೆಗೆ ಹೋದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ: ಇನ್ನೊಂದು ವಾರ, ಬರೀ ಒಂದು ವಾರ. ಒಳಗೆ ಮೂರು ಗೋಡೆಗಳಿಗೂ ಹತ್ತಿ ಮೂಟೆಗಳು, ಫೋಮು, ಹಾಸಿಗೆಗಳು. ಆಕೆ ದಿಂಬಿನ ಬಾಯಿ ಹೊಲಿಯುತ್ತಿದ್ದಳು. ಆತ ಬಾಯಿ ತೆರೆಯುವಷ್ಟರಲ್ಲಿ ಮನೆಯ ಕೆಳಗೆ ನಿಲ್ಲುವ ಅದೇ ಬಸ್ಸು ಬೀದಿ ಸುತ್ತಿ ಬಂದು ಬಾಗಿಲೆದುರು ನಿಂತು ಎಂಜಿನ್ ಗುರುಗುಟ್ಟಿತು. ಆತ ಎಂದಿನಂತೆ ತಲೆ ಓರೆ ಮಾಡಿದ. ಸದ್ದು ಒಳಗೆ ಬಂತು, ಹತ್ತಿಗೆ ತಾಗಿತು, ಅಲ್ಲೇ ಇಂಗಿಹೋಯಿತು. ಗುಂಯ್ ಇಲ್ಲ. ಅದೇ ಡ್ರೈವರ್ ಕಿಟಕಿಯಿಂದ ಆತನನ್ನು ಗುರುತಿಸಿ ನಗುತ್ತ ಹೋದ.

ಆತ ಮೂಟೆಯೊಂದಕ್ಕೆ ಅಂಗೈ ಒತ್ತಿದ. ಚಪ್ಪಾಳೆ ತಟ್ಟಿದ. ಇನ್ನೊಂದು ಮೂಲೆಗೆ ಹೋಗಿ ಮತ್ತೆ ತಟ್ಟಿದ. ತಪ್ಪು ಯಂತ್ರದ್ದಲ್ಲ. ಯಂತ್ರ ಯಾವತ್ತೂ ಕೆಟ್ಟಿರಲೇ ಇಲ್ಲ. ತಗ್ಗಿನ ಸದ್ದು ಬರಿಯ ಗೋಡೆಗಳ ನಡುವೆ ಹೋಗಿಬಂದು ತನ್ನ ಮೇಲೆ ತಾನೇ ಬಿದ್ದು ಒಂದು ಕಡೆ ಉಬ್ಬುತ್ತಿತ್ತು, ಒಂದು ಕಡೆ ಸಾಯುತ್ತಿತ್ತು. ಅಷ್ಟು ವರ್ಷ ಅದನ್ನು ಮೂಲೆಯಲ್ಲಿ ಕುಳಿತು ಕುಡಿಯುತ್ತಿದ್ದದ್ದು ಈ ಹತ್ತಿ. ತನ್ನ ಸ್ಪೀಕರಿನದೆಂದು ಆತ ನಾಲ್ಕು ಜನರ ಮುಂದೆ ಮೆರೆಸಿದ ಬೇಸಿನಲ್ಲಿ ಅರ್ಧ ಹೆಂಡತಿಯ ಮೂಟೆಗಳದಾಗಿತ್ತು.

"ಸಿಕ್ತು ಕಣೇ! ಹತ್ತಿ ಬೇಕು."

"ಎಷ್ಟು?" ಆಕೆ ಹೊಲಿಗೆಯಿಂದ ತಲೆಯೆತ್ತಲಿಲ್ಲ.

"ಎಲ್ಲಾ. ಇವತ್ತೇ. ಮೊದಲಿನ ಮೂಲೇಲಿ, ಮೊದಲಿನ ಹಾಗೇ."

"ಹತ್ತಿ ಬೇಕಾ, ನಾನು ಬೇಕಾ?"

ಧ್ವನಿಮುದ್ರಣದಲ್ಲಿ ಈ ಜಾಗಕ್ಕೆ ಬಂದಾಗ ಆತ ತಡವರಿಸುತ್ತಾನೆ. ಮೋಟಾರು ತಿರುಗಿ ನಿಂತ ಮೇಲೆ "ಹೂಂ, ಸರಿಯಿದೆ" ಎನ್ನುವುದನ್ನೂ ಮರೆಯುತ್ತಾನೆ. ಅಂದು ಕೊಟ್ಟ ಉತ್ತರ ಇದು: "ಹತ್ತಿ ಎಲ್ಲಿರತ್ತೋ ನೀನೂ ಅಲ್ಲೇ ಇರ್ತೀಯಲ್ಲ."

ಆಕೆ ದಾರ ಕಡಿದಳು. "ಬೆಳಿಗ್ಗೇನೇ ಸಹಿ ಹಾಕಿದೆ. ಮೂರು ವರ್ಷಕ್ಕೆ."

"ಸಂಜೆವರೆಗೂ ಸಮಯ ಇತ್ತಲ್ಲ!"

"ಇತ್ತು. ನಿಮಗೆ ನಾಲ್ಕನೇದು ಸಿಗಲಿಲ್ಲ ಅಂತ ಅಲ್ಲ ನಾನು ಹಾಕಿದ್ದು. ಇಲ್ಲಿ ನನಗೊಂದು ಬಾಗಿಲಿದೆ. ಗಿರಾಕಿ ನೇರ ಬರ್ತಾರೆ, ಜೋರಾಗಿ ಚೌಕಾಸಿ ಮಾಡ್ತಾರೆ. ಅಲ್ಲಿ ನಿಮ್ಮ ಲಿಫ್ಟ್ ಕೆಳಗಿಳಿಯೋವರೆಗೂ ಎಲ್ಲರೂ ಉಸಿರು ಹಿಡ್ಕೊಂಡು ನಿಲ್ಲಬೇಕಿತ್ತು."

ಆತ ಬಾಗಿಲವರೆಗೆ ಹೋದ, ತಿರುಗಿ ಬಂದ, ಮತ್ತೆ ಬಾಗಿಲವರೆಗೆ ಹೋದ.

"ಹೀಗೆ ತಿರುಗಿದ್ರೆ ನನಗೆ ತಲೆ ಸುತ್ತತ್ತೆ," ಎಂದಳು ಆಕೆ. ದನಿ ಸ್ವಲ್ಪ ಇಳಿದಿತ್ತು. "ಬೇಕಾದ್ರೆ ಮೂಲೆಗೆ ಸೂರಿನೆತ್ತರದ ಎರಡು ದಿಂಬು ಹೊಲಿದು ಕೊಡ್ತೀನಿ. ಹತ್ತಿ ತುಂಬಿ, ಗಟ್ಟಿಯಾಗಿ. ನಿಮ್ಮ ನಾಲ್ಕನೇದು ಬಂದುಬಿಡತ್ತೆ."

"ಬರತ್ತೆ," ಎಂದ ಆತ. "ಬಂದು? ನಾನು ಬರೋ ಹೊತ್ತಿಗೆ ಖಾಲಿ ಇರೋ ಹಾಲ್‌ನಲ್ಲಿ ಯಾರಿಗೆ ಕೇಳಿಸ್ಲಿ?"

ಆಕೆ ಮೊದಲ ಬಾರಿಗೆ ಹೊಲಿಗೆ ನಿಲ್ಲಿಸಿ ಆತನತ್ತ ನೋಡಿದಳು. ಆಮೇಲೆ ಬಾಗಿಲೆದುರಿನ ಗೋಡೆಯಲ್ಲಿ ಹತ್ತಿ ಇಲ್ಲದೆ ಉಳಿದಿದ್ದ ಜಾಗದತ್ತ ಕತ್ತರಿ ಚಾಚಿದಳು. "ದೊಡ್ಡವು ಬೇಡ. ಆ ಗೊಣಗೋ ಡಬ್ಬಿಗಳಾದ್ರೆ ತನ್ನಿ. ಒಂದು ಮಾತು: ಗಿರಾಕಿ ಇದ್ದಾಗ ಹಾಕೋ ಹಾಗಿಲ್ಲ. ಹಾಕಿದಾಗ ಕೂತು ಕೇಳಬೇಕು. ಓಡಾಡೋದಾದ್ರೆ ಮನೇಲೇ ಓಡಾಡ್ಕೊಳ್ಳಿ."

ದೊಡ್ಡ ಜೋಡಿಯೂ ಸಬ್‌ವೂಫರ್ ಡಬ್ಬವೂ ಮಳಿಗೆಗೆ ವಾಪಸಾದವು. "ಬೇಸು ಹೊಟ್ಟೆಗೆ ಬಂತಾ ಭಾವ?" ಎಂದು ಭಾಮೈದ ಕೇಳಿದಾಗ, "ತಲೆಗೆ ಬಂತು," ಎಂದನಂತೆ. ಎರಡು ದಿನ ಕಳೆದು ಆತ ಹಳೆಯ ಸ್ಪೀಕರುಗಳನ್ನೂ ಆಂಪ್ಲಿಫೈಯರನ್ನೂ ರೆಕಾರ್ಡ್ ಪ್ಲೇಯರನ್ನೂ ಅದೇ ಕೈಗಾಡಿಯಲ್ಲಿ ತಂದು, ಮೂಲೆಯಿಂದ ಸಾಕಷ್ಟು ದೂರ ಬಿಟ್ಟು, ಲಿಫ್ಟಿನ ಕೆಲಸದ ದಪ್ಪ ಬೋಲ್ಟುಗಳಿಂದ ಗೋಡೆಗೆ ಹಲಗೆ ಹೂಡಿ ಕೂರಿಸಿದ. ಆ ಬೋಲ್ಟುಗಳು ಸ್ಪೀಕರನ್ನಲ್ಲ, ಲಿಫ್ಟನ್ನೇ ಹೊರುವಂತಿವೆ ಎಂದು ಹೆಂಡತಿ ನಕ್ಕಳು. ಆತ ಹತ್ತಿಯ ಮೂಟೆಯೊಂದರ ಮೇಲೆ ಕುಳಿತ. ಮುಳ್ಳು ಇಳಿಯಿತು.

ಒಂದು. ಎರಡನೆಯದು ಗುದ್ದಲಿಲ್ಲ, ಬಂದು ನಿಂತಿತು. ಮೂರು. ನಾಲ್ಕನೆಯದು ಬರುವಾಗ ಆತನ ಮೊಣಕಾಲು ಕುಣಿಯುವುದನ್ನು ಮರೆತಿತ್ತು.

"ಬಂತಾ?"

"ಬಂತು."

ಐದನೆಯದು ನೆಲ ಮುಟ್ಟುವ ಮೊದಲೇ ಎಡಗಡೆಯ ಸ್ಪೀಕರ್ ಒಂದು ಕೂದಲೆಳೆ ಓರೆಯಾಗಿದೆ ಎನ್ನಿಸಿ ಆತ ಅರ್ಧ ಎದ್ದ. ಹೆಂಡತಿ ಕತ್ತರಿಯಿಂದ ಮೂಟೆಯನ್ನು ತೋರಿಸಿದಳು. ಆತ ಕುಳಿತ. ಕಣ್ಣು ಮಾತ್ರ ಆ ಓರೆಯ ಮೇಲೆಯೇ ಇತ್ತು. ಅದು ಇಂದಿಗೂ ಓರೆಯಾಗಿಯೇ ಇದೆ, ಆತ ಅದನ್ನು ಇಂದಿಗೂ ನೋಡುತ್ತಾನೆ.

ದಾಖಲೆಗೆ: ಹಳೆಯ ಸ್ಪೀಕರ್ ಜೋಡಿಯನ್ನು ಹಾಸಿಗೆ ಅಂಗಡಿಯ ಗೋಡೆಗೆ ಹೂಡಿದ್ದು 2014ರ ನವೆಂಬರ್ 2, ಭಾನುವಾರ.